ಹೊಸ ಬ್ರೌಸರು, ಹಳೇ ಬೆರಳು

ಹೋದ ಸಂಚಿಕೆಯಲ್ಲಿ ಪ್ಯಾನ್ ಕಾರ್ಡಿನ ಪ್ರಶ್ನೆಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಮಾತು ಸೇರಿಸಿದ್ದೆ. ‘ಅಂಗಡಿಯ ಕಂಪ್ಯೂಟರ್‌ನಲ್ಲಿ ಬ್ರೌಸರ್ ಬದಲಾಗಿದೆ, ಬೆರಳು ಇನ್ನೂ ಒಗ್ಗಿಲ್ಲ’ ಅಂತ. ಪ್ಯಾನ್ ಕಾರ್ಡ್ ಬಗ್ಗೆ ಆಮೇಲೆ ಯಾರೂ ಕೇಳಲಿಲ್ಲ. ಈ ಒಂದು ಸಾಲಿಗೆ ಹನ್ನೊಂದು ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ.

ಹೊಸ ಓದುಗರಿಗೆ ನನ್ನ ಪರಿಚಯ: ಹನುಮಂತನಗರದಲ್ಲಿ ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ಇಟ್ಟುಕೊಂಡಿರುವವಳು. ಎಂಟಡಿಗೆ ಹತ್ತಡಿ ಜಾಗ. ಕಂಪ್ಯೂಟರ್ ಓದಿದವಳಲ್ಲ. ಗಿರಾಕಿ ಎದುರಿಗೆ ನಿಂತು ಕಾಯುತ್ತಿರುವಾಗ ಕಲಿತದ್ದಷ್ಟೇ ನನಗೆ ಗೊತ್ತಿರುವುದು.

ಪ್ರಶ್ನೆ: ಮೇಡಂ, ಯಾವ ಬ್ರೌಸರ್‌ನಿಂದ ಯಾವುದಕ್ಕೆ ಹೋದಿರಿ? ಯಾಕೆ? ಮೊದಲ ದಿನ ಹೇಗಿತ್ತು?
– ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಉತ್ತರ: ಕ್ರೋಮ್‌ನಿಂದ ಫೈರ್‌ಫಾಕ್ಸ್‌ಗೆ. ಆಸೆಪಟ್ಟು ಹೋದದ್ದಲ್ಲ ಸಾರ್. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದರಲ್ಲಿ ನುಡಿ, ಪೇಜ್‌ಮೇಕರ್, ಲಗ್ನಪತ್ರಿಕೆ ಕೆಲಸ. ಅದಕ್ಕೆ ಇಂಟರ್‌ನೆಟ್ಟೇ ಕೊಟ್ಟಿಲ್ಲ. ಇನ್ನೊಂದು ಅರ್ಜಿ, ಇಮೇಲ್, ಪ್ರಿಂಟ್‌ಗೆ. ಈ ಎರಡನೆಯದು ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ ನಿಂತುಹೋಯಿತು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಇರಬೇಕು. ಹೊಸ ಮೆಷಿನ್‌ಗೆ ದುಡ್ಡು ಹಾಕುವ ಕಾಲವಲ್ಲ ಇದು. ಅಕ್ಕನ ಮಗ ಒಂದು ಭಾನುವಾರ ಬಂದು ಅದರಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದ. ಫೈರ್‌ಫಾಕ್ಸ್ ಅದರ ಜೊತೆಗೇ ಬರುತ್ತದೆ. ‘ಕ್ರೋಮೂ ಹಾಕಪ್ಪ’ ಅಂದೆ. ‘ಹಾಕಬಹುದು ಚಿಕ್ಕಮ್ಮ, ಆದ್ರೆ ಒಂದು ತಿಂಗಳು ಇದನ್ನೇ ನೋಡಿ’ ಅಂದ. ತಿಂಡಿ ತಿಂದು ಹೋದ.

ಸೋಮವಾರ ಒಂಬತ್ತೂವರೆಗೆ ಅಂಗಡಿ ತೆಗೆದೆ. ಮೊದಲ ಬೋಣಿ ಒಬ್ಬ ತಾಯಿ, ಜೊತೆಗೆ ಮಗ. ಹಾಲ್ ಟಿಕೆಟ್ ಪ್ರಿಂಟ್. ಹುಡುಗ ಬಸ್ಸಿಗೆ ಹೋಗಬೇಕು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಲ್ ಟಿಕೆಟ್ ತೆರೆದೆ. ಅಭ್ಯಾಸದಂತೆ ಕಂಟ್ರೋಲ್-ಶಿಫ್ಟ್-ಪಿ ಒತ್ತಿದೆ. ಕ್ರೋಮ್‌ನಲ್ಲಿ ಅದನ್ನು ಒತ್ತಿದರೆ ಪ್ರಿಂಟರ್‌ನ ಪೆಟ್ಟಿಗೆ ನೇರವಾಗಿ ತೆರೆದುಕೊಳ್ಳುತ್ತಿತ್ತು. ಯಾವ ಟ್ರೇ, ಎಷ್ಟು ಕಾಪಿ, ಎಂಟರ್. ದಿನಕ್ಕೆ ನೂರು ಸಲ ಒತ್ತಿದ ಕೀ ಅದು. ಇಲ್ಲಿ ಒತ್ತಿದರೆ ಪರದೆ ತುಂಬ ನೇರಳೆ ಬಣ್ಣ. ನಡುವೆ ಕಣ್ಣಿಗೆ ಕಟ್ಟುವ ಮುಖವಾಡದ ಚಿತ್ರ. ಹಾಲ್ ಟಿಕೆಟ್ ಕಾಣಿಸುತ್ತಿಲ್ಲ. ಆ ತಾಯಿ ‘ಇದೇನಮ್ಮ, ವೈರಸ್ಸಾ?’ ಅಂದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ವೈರಸ್ ಅಲ್ಲ. ಫೈರ್‌ಫಾಕ್ಸ್‌ನಲ್ಲಿ ಆ ಕೀ ಒತ್ತಿದರೆ ಪ್ರೈವೇಟ್ ಕಿಟಕಿ ತೆರೆಯುತ್ತದೆ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ಅನ್ನುತ್ತಾರಲ್ಲ, ಅದೇ; ಮುಚ್ಚಿದ ಮೇಲೆ ಲಾಗಿನ್, ಹಿಸ್ಟರಿ ಉಳಿಸಿಕೊಳ್ಳದ ಕಿಟಕಿ. ಹಾಲ್ ಟಿಕೆಟ್ ಹಿಂದಿನ ಕಿಟಕಿಯಲ್ಲಿ ಹಾಗೇ ಕೂತಿತ್ತು. ಇಲ್ಲಿ ಪ್ರಿಂಟ್‌ಗೆ ಬರೀ ಕಂಟ್ರೋಲ್-ಪಿ ಸಾಕು. ಸಿಸ್ಟಂ ಪೆಟ್ಟಿಗೆಯೇ ಬೇಕೆಂದರೆ ಪ್ರಿವ್ಯೂ ಪಕ್ಕದಲ್ಲಿ ಕೆಳಗೆ ಚಿಕ್ಕದಾಗಿ ಒಂದು ಲಿಂಕ್ ಇದೆ.

ಇದು ಮೊದಲ ಏಟು. ಎರಡನೆಯದು ನಿಜಕ್ಕೂ ಬೆವರು ಬಂದದ್ದು. ಮಧ್ಯಾಹ್ನ ಒಬ್ಬ ಹುಡುಗಿ ಇಮೇಲ್ ತೆಗೆಯಬೇಕು ಅಂದಳು. ಬೇರೆಯವರ ಇಮೇಲ್ ಆದರೆ ಯಾವಾಗಲೂ ಇನ್‌ಕಾಗ್ನಿಟೋದಲ್ಲೇ ತೆಗೆಯಬೇಕು ಅನ್ನುವುದು ನಮ್ಮ ಅಂಗಡಿಯ ನಿಯಮ. (ಈ ನಿಯಮ ಎಷ್ಟು ಪಾಲನೆಯಾಗುತ್ತಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.) ಕ್ರೋಮ್‌ನ ಕೀ ಕಂಟ್ರೋಲ್-ಶಿಫ್ಟ್-ಎನ್. ಒತ್ತಿದೆ. ಫೈರ್‌ಫಾಕ್ಸ್‌ನಲ್ಲಿ ಅದರ ಅರ್ಥ ‘ಈಗಷ್ಟೇ ಮುಚ್ಚಿದ ಕಿಟಕಿ ಮತ್ತೆ ತೆಗೆ’ ಅಂತ. ಹತ್ತು ನಿಮಿಷ ಹಿಂದೆ ಹೋದ ಗಿರಾಕಿಯ ಬಾಡಿಗೆ ಕರಾರು, ಅವರ ಮೇಲ್ ಬಾಕ್ಸ್ ಸಮೇತ, ಈ ಹುಡುಗಿಯ ಕಣ್ಣೆದುರು ತೆರೆದುಕೊಂಡಿತು. ಬಚ್ಚಿಡಲು ಒತ್ತಿದ ಕೀ ಬಿಚ್ಚಿಟ್ಟಿತು. ಮಾನಿಟರ್‌ಗೆ ಕೈ ಅಡ್ಡ ಹಿಡಿದೆ. ಯೋಚಿಸಿ, ಮಾನಿಟರ್‌ಗೆ ಕೈ ಅಡ್ಡ!

ಆ ಸಂಜೆಯೇ ಲೇಬಲ್ ಹಾಳೆ ಕತ್ತರಿಸಿ ಕೀಬೋರ್ಡ್ ಮೇಲಿನ ಅಂಚಿಗೆ ಅಂಟಿಸಿದೆ: ‘ಪಿ = ಗುಟ್ಟು. ಎನ್ ಒತ್ತಬೇಡ.’ ಅಂಗಡಿ ಹುಡುಗಿ ಅದನ್ನು ಓದಿ ನಕ್ಕಿದ್ದೇ ನಕ್ಕಿದ್ದು.

ಉಳಿದದ್ದು ಚಿಲ್ಲರೆ. ಮೆನು ಮೂರು ಚುಕ್ಕಿಯ ಬದಲು ಮೂರು ಗೆರೆ. ಡೌನ್‌ಲೋಡ್ ಪಟ್ಟಿಗೆ ಕಂಟ್ರೋಲ್-ಜೆ ಒತ್ತಿದರೆ ಲಿನಕ್ಸ್‌ನಲ್ಲಿ ಬರುವುದಿಲ್ಲ, ಕಂಟ್ರೋಲ್-ಶಿಫ್ಟ್-ವೈ ಒತ್ತಬೇಕು. ವಿಂಡೋಸ್‌ನವರಿಗೆ ಆ ತಾಪತ್ರಯ ಇಲ್ಲ, ಜೆ ನಡೆಯುತ್ತದೆ. ಪ್ರಿಂಟ್‌ನಲ್ಲಿ ಮೇಲೆ ಕೆಳಗೆ ತಾರೀಖು, ಸೈಟಿನ ವಿಳಾಸ ಬರುವುದನ್ನು ಹಳೆಯದರಲ್ಲಿ ಯಾವತ್ತೋ ಟಿಕ್ ತೆಗೆದು ಮರೆತಿದ್ದೆ. ಇಲ್ಲಿ ಮತ್ತೆ ತೆಗೆಯಬೇಕಾಯಿತು. ಅಷ್ಟರಲ್ಲಿ ಒಂದು ಅಫಿಡವಿಟ್ ಹಾಳಾಯಿತು, ಛಾಪಾ ಕಾಗದ ಅಲ್ಲದ್ದಕ್ಕೆ ಬಚಾವು.

ಇಷ್ಟವಾದದ್ದೂ ಇದೆ. ಸಂಜೆ ಹೊತ್ತಿಗೆ ನಮ್ಮಲ್ಲಿ ಮೂವತ್ತು ನಲವತ್ತು ಟ್ಯಾಬ್ ತೆರೆದಿರುತ್ತವೆ. ಫೈರ್‌ಫಾಕ್ಸ್ ಟ್ಯಾಬ್‌ಗಳನ್ನು ಒಂದು ಮಟ್ಟಕ್ಕಿಂತ ಸಣ್ಣ ಮಾಡುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ. ಹೆಸರು ಓದಲು ಬರುತ್ತದೆ. ಐವತ್ತು ದಾಟಿದ ಕಣ್ಣಿಗೆ ಇದು ದೊಡ್ಡ ಉಪಕಾರ. ಬೇಕಾದರೆ ಟ್ಯಾಬ್‌ಗಳನ್ನು ಎಡಗಡೆ ಉದ್ದಕ್ಕೆ ಪಟ್ಟಿ ಥರ ಜೋಡಿಸಲೂ ಬರುತ್ತದೆ. 2025ರ ಮಾರ್ಚ್‌ನಲ್ಲಿ ಬಂದ 136ನೇ ಆವೃತ್ತಿಯಿಂದ ಇದು ಇದೆ. ನಾನು ಎರಡನೇ ವಾರವೇ ಹಾಗೆ ಮಾಡಿಕೊಂಡೆ.

ಪ್ರಶ್ನೆ: ಯಾವ ಬ್ರೌಸರ್ ಆದರೇನು, ಎಲ್ಲ ಒಂದೇ ಅಲ್ವಾ? ಅದೇ ಸೈಟ್, ಅದೇ ಯೂಟ್ಯೂಬ್. ಸುಮ್ನೆ ಯಾಕೆ ತಲೆನೋವು?
– ಡಿಪ್ಲೊಮಾ ವಿದ್ಯಾರ್ಥಿ, ಕೆಂಗೇರಿ

ಉತ್ತರ: ನೀವು ಮುಕ್ಕಾಲು ಸರಿ. ನಮ್ಮ ರಸ್ತೆಯಲ್ಲಿ ನಾಲ್ಕು ದರ್ಶಿನಿ ಇವೆ. ನಾಲ್ಕೂ ಕಡೆ ಇಡ್ಲಿ ಹಿಟ್ಟು ಒಬ್ಬರೇ ಕೊಡುತ್ತಾರೆ ಅಂದುಕೊಳ್ಳಿ. ಬೋರ್ಡ್ ಬೇರೆ, ಚಟ್ನಿ ಬೇರೆ, ಇಡ್ಲಿ ಒಂದೇ. ಬ್ರೌಸರ್ ಲೋಕವೂ ಹಾಗೇ. ಕ್ರೋಮ್ ಬಂದದ್ದು 2008ರ ಸೆಪ್ಟೆಂಬರ್‌ನಲ್ಲಿ. ಅದರ ಬುಡದ ಕೋಡನ್ನು ಗೂಗಲ್ ಕ್ರೋಮಿಯಂ ಅನ್ನುವ ಹೆಸರಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಬಿಟ್ಟಿದೆ. ಆ ಹಿಟ್ಟಿನಿಂದಲೇ ಬ್ರೇವ್, ಒಪೆರಾ, ವಿವಾಲ್ಡಿ ಆಗಿರುವುದು. ಮೈಕ್ರೋಸಾಫ್ಟ್ ಕೂಡ 2020ರ ಜನವರಿಯಲ್ಲಿ ತನ್ನ ರುಬ್ಬುಗಲ್ಲು ಪಕ್ಕಕ್ಕಿಟ್ಟು ಎಡ್ಜ್‌ಗೆ ಅದೇ ಹಿಟ್ಟು ತಂದಿತು. ಕ್ರೋಮ್‌ನಿಂದ ಎಡ್ಜ್‌ಗೆ ಹೋದವರಿಗೆ ಜಾಸ್ತಿ ವ್ಯತ್ಯಾಸ ಕಾಣದಿರುವುದು ಇದಕ್ಕೇ.

ಬೇರೆ ಹಿಟ್ಟು ರುಬ್ಬುವವರು ಈಗ ಮುಖ್ಯವಾಗಿ ಇಬ್ಬರು. ಆಪಲ್‌ನ ಸಫಾರಿ, ಅದರದು ವೆಬ್‌ಕಿಟ್. ಮೊಜಿಲ್ಲಾದ ಫೈರ್‌ಫಾಕ್ಸ್, ಅದರದು ಗೆಕೊ. ಒಂದು ತಮಾಷೆ ಕೇಳಿ. ಮೊಜಿಲ್ಲಾಗೆ ಬರುವ ಆದಾಯದಲ್ಲಿ ದೊಡ್ಡ ಪಾಲು ಗೂಗಲ್‌ನದೇ, ಹುಡುಕಾಟಕ್ಕೆ ಗೂಗಲನ್ನೇ ಮೊದಲು ಇಟ್ಟದ್ದಕ್ಕೆ. ಹಿಟ್ಟು ಸ್ವಂತದ್ದು, ಬಾಡಿಗೆ ಕಟ್ಟುವುದು ಎದುರು ಹೋಟೆಲಿನವರು!

ಪ್ರಶ್ನೆ: ಬ್ರೌಸರ್ ಬದಲಾಯಿಸಿದರೆ ನನ್ನ ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲ ಹೋಗಿಬಿಡುತ್ತಾ ಅಕ್ಕಾ? ಆ ಭಯಕ್ಕೇ ಸುಮ್ಮನಿದ್ದೇನೆ.
– ಗೃಹಿಣಿ, ರಾಜಾಜಿನಗರ

ಉತ್ತರ: ಹೋಗುವುದಿಲ್ಲ ತಂಗಿ. ಒಂದೇ ಕಂಪ್ಯೂಟರ್‌ನಲ್ಲಿ ಬದಲಾಯಿಸುವುದಾದರೆ ಹೊಸ ಬ್ರೌಸರೇ ‘ಹಳೆಯದರಿಂದ ತರಲಾ?’ ಎಂದು ಕೇಳುತ್ತದೆ. ತರುವುದು ನಕಲು ಮಾತ್ರ. ಹಳೆಯದರಲ್ಲಿ ಇದ್ದದ್ದು ಅಲ್ಲೇ ಇರುತ್ತದೆ. ಪಾಸ್‌ವರ್ಡ್ ಹಾಗೆ ಬರದಿದ್ದರೆ ಹಳೆಯದರಿಂದ ಒಂದು ಸಿಎಸ್‌ವಿ ಫೈಲ್ ಮಾಡಿಕೊಂಡು ಹೊಸದಕ್ಕೆ ಕೊಡಬಹುದು. ಫೈರ್‌ಫಾಕ್ಸ್‌ನ ಪಾಸ್‌ವರ್ಡ್ ಪುಟದಲ್ಲಿ ಮೂರು ಚುಕ್ಕಿ ಒತ್ತಿದರೆ ಅದಕ್ಕೆ ಆಯ್ಕೆ ಇದೆ.

ನಿಮ್ಮ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಆದರೆ ಆ ಸಿಎಸ್‌ವಿ ಬಗ್ಗೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೂರು ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ.

ಹಳೆಯ ವಿಂಡೋಸ್ ಒರೆಸಿ ಹಾಕುವ ಮೊದಲು ಅಕ್ಕನ ಮಗ ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿಟ್ಟ. ಸಿಎಸ್‌ವಿ ಅಂದರೆ ಬೀಗ ಇಲ್ಲದ ಬೀರು. ಯಾರು ತೆಗೆದರೂ ಲೆಕ್ಕದ ಹಾಳೆಯ ಥರ ಸಾಲು ಸಾಲಾಗಿ ಕಾಣುತ್ತದೆ: ಯಾವ ಸೈಟ್, ಯಾರ ಹೆಸರು, ಪಾಸ್‌ವರ್ಡ್ ಏನು. ಚುಕ್ಕಿ ಚುಕ್ಕಿ ಮರೆ ಏನೂ ಇರುವುದಿಲ್ಲ. ರಾತ್ರಿ ಅಂಗಡಿ ಶಟರ್ ಅರ್ಧ ಇಳಿಸಿ ಅದನ್ನು ತೆರೆದೆ. 343 ಸಾಲು. ನನ್ನವು ಎಷ್ಟು ಅಂತ ಎಣಿಸಿದೆ. 38.

ಉಳಿದ 305 ಗಿರಾಕಿಗಳದ್ದು.

ಒಂಬತ್ತು ವರ್ಷದ್ದು. ಹೇಗಾಯಿತು ಅಂತೀರಾ? ಗಿರಾಕಿ ನಿಂತೇ ಇರುತ್ತಾರೆ. ಇನ್‌ಕಾಗ್ನಿಟೋ ತೆಗೆಯುವ ವ್ಯವಧಾನ ಇರುವುದಿಲ್ಲ. ಲಾಗಿನ್ ಆದ ತಕ್ಷಣ ಮೇಲೆ ಮೂಲೆಯಲ್ಲಿ ‘ಪಾಸ್‌ವರ್ಡ್ ಸೇವ್ ಮಾಡಲಾ?’ ಎಂದು ಒಂದು ಚೀಟಿ ಬರುತ್ತದೆ. ಕೆಲಸಕ್ಕೆ ಅಡ್ಡ. ಅದನ್ನು ಓಡಿಸಲು ಕೈ ತಾನಾಗಿ ಎದ್ದು ಕಾಣುವ ಗುಂಡಿಯನ್ನು ಒತ್ತುತ್ತದೆ. ಎದ್ದು ಕಾಣುವ ಗುಂಡಿ ‘ಸೇವ್’. ನಾನೂ ಒತ್ತಿದ್ದೇನೆ, ಅಂಗಡಿ ಹುಡುಗಿಯೂ ಒತ್ತಿದ್ದಾಳೆ, ಅವಳಿಗಿಂತ ಮೊದಲಿದ್ದ ಇಬ್ಬರೂ ಒತ್ತಿದ್ದಾರೆ. ಲಾಗಿನ್ ಪುಟದಲ್ಲಿ ಯಾರ್ಯಾರದೋ ಹೆಸರಿನ ಪಟ್ಟಿ ಇಳಿಯುತ್ತಿದ್ದುದನ್ನು ದಿನಾ ನೋಡಿದ್ದೇನೆ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆ ಹಾಳೆಯನ್ನು ನಾಲ್ಕು ಪುಟ ಓದಿದೆ, ಆಮೇಲೆ ಓದಲಾಗಲಿಲ್ಲ. ಮಕ್ಕಳ ಹೆಸರು, ಮುಂದೆ 123. ಮದುವೆಯ ವರ್ಷ. ಸ್ಕೂಟರ್ ನಂಬರ್. ಮನೆದೇವರು ಯಾರು ಅಂತ ಪಾಸ್‌ವರ್ಡ್ ನೋಡಿಯೇ ಹೇಳಬಹುದಿತ್ತು. ಮಂಜುನಾಥ, ವೆಂಕಟೇಶ, ಯಲ್ಲಮ್ಮ, ಎಲ್ಲರ ಮುಂದೆಯೂ ಒಂದು ಅಟ್ ಚಿಹ್ನೆ. ತೀರಿಕೊಂಡವರೊಬ್ಬರದೂ ಇತ್ತು. ಅವರ ತಿಥಿ ಕಾರ್ಡನ್ನೂ ನಾನೇ ಪ್ರಿಂಟ್ ಮಾಡಿದ್ದೆ.

ನನ್ನ 38 ಸಾಲು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿದೆ. ಅಷ್ಟನ್ನು ಮಾತ್ರ ಹೊಸದಕ್ಕೆ ಹಾಕಿದೆ. ಫೈಲ್ ಅಳಿಸಿ, ಕಸದ ಬುಟ್ಟಿ ಖಾಲಿ ಮಾಡಿ, ಪೆನ್‌ಡ್ರೈವನ್ನೂ ಫಾರ್ಮ್ಯಾಟ್ ಮಾಡಿದೆ. ಹಳೆಯ ಡಿಸ್ಕ್ ಹೇಗೂ ಒರೆಸಿ ಆಗಿತ್ತಲ್ಲ, ಮುಗಿಯಿತು ಅಂದುಕೊಂಡು ಮಲಗಿದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಹಳೆಯ ಬ್ರೌಸರ್‌ಗೆ ಅಂಗಡಿಯ ಜಿಮೇಲ್ ಹಾಕಿ ಸಿಂಕ್ ಆನ್ ಮಾಡಿದ್ದೆ, ಅಂದರೆ ಅದರಲ್ಲಿ ಉಳಿಸಿದ್ದೆಲ್ಲ ಆ ಖಾತೆಗೂ ನಕಲಾಗುವ ಹಾಗೆ. ಅದೇ ಜಿಮೇಲ್ ನನ್ನ ಫೋನಿನಲ್ಲೂ ಇದೆ. ನೋಡಿದರೆ 343ಕ್ಕೆ 343 ಫೋನಿನಲ್ಲಿ ಭದ್ರವಾಗಿ ಕೂತಿವೆ. ಇಷ್ಟು ವರ್ಷ ಬಸ್ಸು, ಮದುವೆಮನೆ, ಕೆ.ಆರ್. ಮಾರ್ಕೆಟ್ ಅಂತ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಿದ್ದೇನೆ. ಅಲ್ಲೂ ಅಳಿಸಿದೆ. ಸಿಂಕ್ ಆನ್ ಇದ್ದರೆ ಕಂಪ್ಯೂಟರ್ ಒರೆಸಿದರೂ ಪಾಸ್‌ವರ್ಡ್ ಖಾತೆಯಲ್ಲಿ ಉಳಿದೇ ಇರುತ್ತದೆ, ನೆನಪಿಡಿ.

ಈಗ ಅಂಗಡಿ ಬ್ರೌಸರ್‌ನಲ್ಲಿ ‘ಪಾಸ್‌ವರ್ಡ್ ಉಳಿಸಲು ಕೇಳು’ ಅನ್ನುವ ಟಿಕ್ಕನ್ನೇ ತೆಗೆದಿದ್ದೇನೆ. ಚೀಟಿ ಬಂದರೆ ತಾನೆ ಕೈ ಹೋಗುವುದು. ನನ್ನ 38ಕ್ಕೆ ಪ್ರೈಮರಿ ಪಾಸ್‌ವರ್ಡ್ ಹಾಕಿದ್ದೇನೆ. ಫೈರ್‌ಫಾಕ್ಸ್ ಬಳಸುವವರು ಮನೆಯಲ್ಲಾದರೂ ಇದನ್ನು ಹಾಕಿಕೊಳ್ಳಿ. ಬೀರುವಿಗೆ ಒಂದು ಬೀಗ ಇದ್ದ ಹಾಗೆ. ಅದನ್ನು ಮರೆತರೆ ಮಾತ್ರ ಒಳಗಿನದು ಸಿಗುವುದಿಲ್ಲ, ಹುಷಾರು.

ಪ್ರಶ್ನೆ: ನಾನೂ ಫೈರ್‌ಫಾಕ್ಸ್ ಹಾಕಿದೆ. ಕೆಲವು ಸೈಟ್‌ಗಳಲ್ಲಿ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ತೆಗೆದುಹಾಕಲಾ?
– ಲೆಕ್ಕ ಬರೆಯುವವರು, ಚಾಮರಾಜಪೇಟೆ

ಉತ್ತರ: ತಡೀರಿ. ನನಗೂ ಆಯಿತು. ಒಂದು ಅರ್ಜಿಯ ಸೈಟಿನಲ್ಲಿ ‘ಹಣ ಪಾವತಿಸಿ’ ಒತ್ತಿ ಒತ್ತಿ ಸಾಕಾಯಿತು. ಗಿರಾಕಿಯ ಫೋನಿಗೆ ಬಂದ ಮೂರು ಒಟಿಪಿ ಹಳಸಿಹೋದವು. ಇಪ್ಪತ್ತು ನಿಮಿಷ ಆದ ಮೇಲೆ ನೋಡುತ್ತೇನೆ, ಪುಟದ ನೆತ್ತಿಯ ಮೇಲೆ ತೆಳುವಾದ ಒಂದು ಪಟ್ಟಿ. ‘ಪಾಪ್-ಅಪ್ ತಡೆದಿದ್ದೇನೆ’ ಅಂತ ಪಾಪ ಅದು ಮೊದಲಿನಿಂದ ಹೇಳುತ್ತಲೇ ಇತ್ತು. ಅದರ ಪಕ್ಕದ ಗುಂಡಿ ಒತ್ತಿ ಅನುಮತಿ ಕೊಟ್ಟರೆ ಮುಗಿಯಿತು.

ಅದಕ್ಕೂ ಆಗದಿದ್ದರೆ ವಿಳಾಸದ ಎಡಗಡೆ ಇರುವ ಗುರಾಣಿ ಗುರುತು ಒತ್ತಿ, ಆ ಒಂದು ಸೈಟಿಗೆ ಮಾತ್ರ ಕಾವಲು ಆಫ್ ಮಾಡಿ ನೋಡಿ. ಆಗಲೂ ಆಗದಿದ್ದರೆ ಆ ಸೈಟ್ ಕಟ್ಟಿದವರು ಕ್ರೋಮ್ ಒಂದರಲ್ಲೇ ಪರೀಕ್ಷೆ ಮಾಡಿ ಮನೆಗೆ ಹೋಗಿದ್ದಾರೆ ಅಂತ ಅರ್ಥ. ಅಂಥವಕ್ಕೆ ಇನ್ನೊಂದು ಬ್ರೌಸರ್ ಇಟ್ಟುಕೊಳ್ಳುವುದೇ ಜಾಣತನ. ನಾನೂ ಎರಡನೇ ವಾರ ಕ್ರೋಮಿಯಂ ಹಾಕಿಸಿಕೊಂಡೆ. ಅಕ್ಕನ ಮಗನಿಗೆ ಹೇಳಿಲ್ಲ, ಇದನ್ನು ಓದಿದರೆ ತಿಳಿಯುತ್ತದೆ.

ಪ್ರಶ್ನೆ: ಕನ್ನಡ ಅಕ್ಷರ ಹೇಗೆ ಕಾಣುತ್ತದೆ? ನನಗೆ ಓದುವುದೇ ಮುಖ್ಯ.
– ನಿವೃತ್ತ ಕನ್ನಡ ಶಿಕ್ಷಕಿ, ವಿಜಯನಗರ

ಉತ್ತರ: ನನ್ನ ಮನಸ್ಸಿಗೆ ಹತ್ತಿರವಾದ ಪ್ರಶ್ನೆ ಮೇಡಂ. ಬ್ರೌಸಿಂಗ್ ಸೆಂಟರ್‌ಗಳ ಕಾಲ ನೆನಪಿದೆಯಾ? ಕನ್ನಡ ಸೈಟ್ ತೆಗೆದರೆ ಚೌಕ ಚೌಕ ಡಬ್ಬಿ, ಇಲ್ಲ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಒಂದೊಂದು ಸೈಟಿಗೆ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದರೂ ಕಂಟ್ರೋಲ್ ಪ್ಯಾನೆಲ್ ಒಳಗೆ ಹೋಗಿ ಒಂದು ಟಿಕ್ ಹಾಕದಿದ್ದರೆ ಒತ್ತಕ್ಷರ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಈಗ ಆ ಗೋಳಿಲ್ಲ, ಯಾವ ಬ್ರೌಸರ್ ಆದರೂ ಕನ್ನಡ ಸರಿಯಾಗಿಯೇ ಬರುತ್ತದೆ.

ಆದರೆ ರೂಪ ಬದಲಾಗುತ್ತದೆ. ವಿಂಡೋಸ್‌ನಲ್ಲಿ ನೋಡಿ ಅಭ್ಯಾಸವಾದ ನಿರ್ಮಲಾ ಫಾಂಟ್ ಲಿನಕ್ಸ್‌ನಲ್ಲಿ ಇಲ್ಲ. ಮೊದಲ ದಿನ ಪೇಪರ್ ಓದಲು ಕೂತರೆ ಗೊತ್ತಿದ್ದವರು ಮೀಸೆ ಬೋಳಿಸಿಕೊಂಡು ಬಂದ ಹಾಗಿತ್ತು. ಕರಡು ತಿದ್ದುವವರಿಗೆ ಇದು ಚೆನ್ನಾಗಿ ಗೊತ್ತು. ಒಗ್ಗದ ಅಚ್ಚಿನಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ‘ಪ’ದ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡಬೇಕಾಯಿತು.

ಇಲ್ಲಿ ಫೈರ್‌ಫಾಕ್ಸ್ ನನ್ನನ್ನು ಗೆದ್ದಿತು. ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಅನ್ನುವಲ್ಲಿ ಅಡ್ವಾನ್ಸ್ಡ್ ಒತ್ತಿ. ‘ಯಾವ ಲಿಪಿಗೆ’ ಎಂದು ಕೇಳುವ ಪಟ್ಟಿಯಲ್ಲಿ ಕನ್ನಡ ಅಂತಲೇ ಇದೆ. ಇಂಗ್ಲಿಷ್‌ನ ತಂಟೆಗೆ ಹೋಗದೆ ಕನ್ನಡಕ್ಕೆ ಮಾತ್ರ ಬೇರೆ ಫಾಂಟ್, ಬೇರೆ ಅಳತೆ ಕೊಡಬಹುದು. ನಾನು ನೋಟೊ ಸೆರಿಫ್ ಕನ್ನಡ ಹಾಕಿಕೊಂಡು ಅಳತೆ 20 ಮಾಡಿದ್ದೇನೆ. ಪುಸ್ತಕದ ಅಚ್ಚಿನ ಥರ ಕಾಣುತ್ತದೆ. ಕೆಲವು ಸೈಟ್‌ಗಳು ತಮ್ಮದೇ ಫಾಂಟ್ ಹೊತ್ತು ತರುತ್ತವೆ, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಅವಕ್ಕೂ ನಮ್ಮ ಫಾಂಟೇ ಬೇಕೆಂದರೆ ಅದೇ ಪೆಟ್ಟಿಗೆಯ ಕೆಳಗಿನ ಟಿಕ್ ತೆಗೆಯಬೇಕು. ನಾನು ತೆಗೆದು ನೋಡಿದೆ, ಗುಂಡಿಗಳ ಮೇಲಿನ ಚಿತ್ರಗಳೆಲ್ಲ ಮಾಯವಾಗಿ ಗಾಬರಿಯಾಗಿ ವಾಪಸ್ ಹಾಕಿದೆ.

ಉದ್ದನೆಯ ಲೇಖನ ಓದುವಾಗ ವಿಳಾಸದ ಪಟ್ಟಿಯಲ್ಲಿ ಪುಟದ ಥರ ಒಂದು ಗುರುತು ಬಂದರೆ ಒತ್ತಿ ನೋಡಿ. ಅಕ್ಕಪಕ್ಕದ ಜಾಹೀರಾತು ಹೋಗಿ ಬರಹ ಮಾತ್ರ ಉಳಿಯುತ್ತದೆ. ಬ್ರೌಸರ್‌ನ ಮೆನುವನ್ನೂ ಪೂರ್ತಿ ಕನ್ನಡ ಮಾಡಬಹುದು. ನಾನು ಮಾಡಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಫೋನಿನಲ್ಲಿ ಯಾರೋ ‘ಅಲ್ಲಿ ಸೆಟ್ಟಿಂಗ್ಸ್ ಒತ್ತಿ’ ಅಂದಾಗ ಅಂಗಡಿ ಹುಡುಗಿ ತಬ್ಬಿಬ್ಬಾಗಿ ಇಂಗ್ಲಿಷ್‌ಗೆ ತಿರುಗಿಸಿದಳು. ನಾನು ಜಗಳ ಆಡಲಿಲ್ಲ.

ಪ್ರಶ್ನೆ: ಆಂಟಿ, ಫೈರ್‌ಫಾಕ್ಸ್ ಅಂದ್ರೆ ನರಿನಾ?
– ಏಳನೇ ತರಗತಿ, ಜೆ.ಪಿ. ನಗರ

ಉತ್ತರ: ಚಿತ್ರದಲ್ಲಿ ಇರುವುದು ನರಿಯೇ ಪುಟ್ಟಾ. ಆದರೆ ಆ ಹೆಸರು ಕೆಂಪು ಪಾಂಡಾಗೂ ಇದೆ. ನಮ್ಮ ಸಿಕ್ಕಿಂ, ಅರುಣಾಚಲದ ಕಾಡಿನಲ್ಲಿ ಇರುವ ಪ್ರಾಣಿ ಅದು. ಈ ಬ್ರೌಸರ್‌ಗೆ ಮೊದಲು ಫೀನಿಕ್ಸ್, ಆಮೇಲೆ ಫೈರ್‌ಬರ್ಡ್ ಎಂದು ಹೆಸರಿತ್ತು. ಆ ಹೆಸರುಗಳು ಬೇರೆಯವರ ಹತ್ತಿರವೂ ಇದ್ದವು ಎಂದು ಬದಲಾಯಿಸಿದರು. ಫೈರ್‌ಫಾಕ್ಸ್ 1.0 ಬಂದದ್ದು 2004ರ ನವೆಂಬರ್ 9ಕ್ಕೆ. ನೀನು ಹುಟ್ಟುವುದಕ್ಕಿಂತ ತುಂಬಾ ಮೊದಲು.

ಪ್ರಶ್ನೆ: ಎಲ್ಲವೂ ಅಮೆರಿಕದವೇ. ಐಟಿ ರಾಜಧಾನಿ ಅಂತೀವಿ, ಬೆಂಗಳೂರಿನಲ್ಲಿ ಯಾರೂ ಒಂದು ಬ್ರೌಸರ್ ಮಾಡಿಲ್ವಾ?
– ಆಟೋ ಚಾಲಕರು, ಶ್ರೀನಗರ

ಉತ್ತರ: ಮಾಡಿದ್ದಾರೆ ಅಣ್ಣ. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಅನ್ನುವ ಕಂಪನಿ ಎಪಿಕ್ ಎಂಬ ಬ್ರೌಸರ್ ತಂದಿತು. ಫೈರ್‌ಫಾಕ್ಸ್‌ನ ಕೋಡ್ ಮೇಲೆ ಕಟ್ಟಿದ್ದು. ಭಾರತದ ಭಾಷೆಗಳಲ್ಲಿ ಟೈಪ್ ಮಾಡುವ ಸೌಕರ್ಯ ಬ್ರೌಸರ್ ಒಳಗೇ ಇತ್ತು. 2013ರಲ್ಲಿ ಅದು ಕ್ರೋಮಿಯಂ ಹಿಟ್ಟಿಗೆ ಬದಲಾಯಿತು, ಗುಟ್ಟು ಕಾಪಾಡುವುದೇ ಅದರ ಮುಖ್ಯ ಕೆಲಸವಾಯಿತು. ಆಮೇಲೆ ಪಕ್ಕದ ತಮಿಳುನಾಡಿನ ಜೋಹೊ 2023ರಲ್ಲಿ ಉಲಾ ತಂದಿತು. ಅದೂ ಕ್ರೋಮಿಯಂ. ಕೇಂದ್ರ ಸರ್ಕಾರದ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಜೋಹೊಗೆ ಮೊದಲ ಬಹುಮಾನ ಬಂತು.

ಪ್ರಶ್ನೆ: ಜಾಹೀರಾತು ಕಮ್ಮಿಯಾಗುತ್ತಾ?
– ಹೆಸರು ಬೇಡ, ಯಲಹಂಕ

ಉತ್ತರ: ತಾನಾಗಿ ಆಗುವುದಿಲ್ಲ. ಯೂಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್) ಹಾಕಿದರೆ ಆಗುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಅದರ ಲೈಟ್ ರೂಪ ಮಾತ್ರ ನಡೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿಯದೇ ನಡೆಯುತ್ತದೆ. ನಮ್ಮ ಅಂಗಡಿಯಲ್ಲಿ ಅದರ ದೊಡ್ಡ ಲಾಭ ಅಂದರೆ, ಹಸಿರು ಬಣ್ಣದ ಸುಳ್ಳು ‘ಡೌನ್‌ಲೋಡ್’ ಗುಂಡಿಗಳು ಈಗ ಕಾಣುವುದೇ ಇಲ್ಲ.

ಪ್ರಶ್ನೆ: ನಿಮ್ಮಂಥ ಅಂಗಡಿಯಲ್ಲೇ ನಾನು ಇಮೇಲ್ ತೆಗೆದು ಪ್ರಿಂಟ್ ಕೊಡುವುದು. ಅದು ಸುರಕ್ಷಿತವಾ? ನೇರವಾಗಿ ಹೇಳಿ.
– ಪಿಜಿಯಲ್ಲಿರುವ ಉದ್ಯೋಗಿ, ಬಿಟಿಎಂ ಲೇಔಟ್

ಉತ್ತರ: ಮೇಲಿನ 343ರ ಕಥೆ ಓದಿದ ಮೇಲೆ ನೀವೇ ಹೇಳಿ. ಆದಷ್ಟು ಲಾಗಿನ್ ಆಗದೆ, ಫೋನಿನಿಂದಲೇ ಬೇಕಾದ ಒಂದು ಫೈಲನ್ನು ಅಂಗಡಿಯ ಮೇಲ್‌ಗೆ ಕಳಿಸಿ. ಲಾಗಿನ್ ಆಗಲೇಬೇಕಾದರೆ ‘ಪ್ರೈವೇಟ್ ಕಿಟಕಿ ತೆಗೀರಿ’ ಎಂದು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಆ ಕಿಟಕಿಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಹೋಗುತ್ತದೆ, ಹಿಸ್ಟರಿಯೂ ಉಳಿಯುವುದಿಲ್ಲ. ಆದರೆ ಡೌನ್‌ಲೋಡ್ ಆದ ಫೈಲ್ ಕಂಪ್ಯೂಟರ್‌ನಲ್ಲೇ ಉಳಿಯುವುದುಂಟು. ಆಧಾರ್ ಪಿಡಿಎಫ್‌ಗಳು ಡೌನ್‌ಲೋಡ್ ಫೋಲ್ಡರ್‌ನಲ್ಲಿ ಕೊಳೆಯುವುದು ಹೀಗೇ. ಅಳಿಸಿದ್ದಾರಾ ಅಂತ ನಿಂತು ನೋಡಿಕೊಂಡು ಹೋಗಿ. ನನ್ನ ಗಿರಾಕಿಗಳಿಗೂ ಈಗ ಹಾಗೇ ಹೇಳುತ್ತೇನೆ.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಪ್ರತಿ ತಿಂಗಳು ಪಿಂಚಣಿ ಸ್ಲಿಪ್ ಪ್ರಿಂಟ್ ತೆಗೆಸಲು ಒಬ್ಬ ಮೇಷ್ಟ್ರು ಬರುತ್ತಾರೆ. ಎಪ್ಪತ್ತೈದು ದಾಟಿದವರು. ಮೊನ್ನೆ ಬಂದು ಎಂದಿನಂತೆ ಸ್ಟೂಲ್ ಎಳೆದುಕೊಂಡು ಕೂತರು. ‘ಪಾಸ್‌ವರ್ಡ್ ಹೇಳಿ ಮೇಷ್ಟ್ರೇ’ ಅಂದೆ.

‘ನಿಮ್ಮ ಕಂಪ್ಯೂಟರಿಗೆ ಗೊತ್ತಲ್ಲಮ್ಮ.’

‘ಗೊತ್ತಿತ್ತು. ಈಗ ಅಳಿಸಿಬಿಟ್ಟೆ.’

ಅವರ ಮುಖ ಸಣ್ಣದಾಯಿತು. ‘ಯಾಕಮ್ಮ? ನಾನೇನು ತಪ್ಪು ಮಾಡಿದೆ?’

ಏನು ಹೇಳುವುದು? ಅವರು ನಮ್ಮ ಅಂಗಡಿಯನ್ನು ನಂಬಿ ಇಟ್ಟಿದ್ದರು. ನಾನು ಅದು ನನ್ನ ಹತ್ತಿರ ಇದೆ ಅಂತಲೂ ತಿಳಿಯದೆ ಇಟ್ಟುಕೊಂಡಿದ್ದೆ. ಹೊಸ ಪಾಸ್‌ವರ್ಡ್ ಮಾಡಿಸೋಣವೆಂದರೆ ಒಟಿಪಿ ಹೋಗುವುದು ಹುಬ್ಬಳ್ಳಿಯಲ್ಲಿರುವ ಮಗನ ಫೋನಿಗೆ. ಮಗ ಮೀಟಿಂಗ್‌ನಲ್ಲಿ. ಮೂರನೇ ಸಲಕ್ಕೆ ಸಿಕ್ಕಿದ. ಹೊಸದನ್ನು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಲು ಬಂದರು. ಬೇಡ, ನೀವೇ ಟೈಪ್ ಮಾಡಿ ಎಂದು ಕೀಬೋರ್ಡ್ ಅವರ ಕಡೆ ತಿರುಗಿಸಿ ನಾನು ರಸ್ತೆ ನೋಡುತ್ತಾ ನಿಂತೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಎರಡು ಸಲ ಹಾಕಬೇಕಲ್ಲ. ಹಿಂದೆ ಜೆರಾಕ್ಸ್‌ಗೆ ನಾಲ್ಕು ಜನ ಸಾಲು ನಿಂತಿದ್ದರು. ಮುಗಿದ ಮೇಲೆ ‘ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ’ ಅಂದರು. ಅದಕ್ಕೂ ಒಪ್ಪಲಿಲ್ಲ. ಜೇಬಿನ ಡೈರಿ ತೆಗೆದು ಹಾಲಿನ ಲೆಕ್ಕದ ಕೆಳಗೆ ತಾವೇ ಬರೆದುಕೊಂಡರು.

‘ಹಾಗಾದ್ರೆ ಮುಂದಿನ ತಿಂಗಳೂ ನಾನೇ ಒತ್ತಬೇಕಾ?’

‘ಹೌದು ಮೇಷ್ಟ್ರೇ.’

‘ಮೊದಲೇ ಹೇಳಬಾರದಾ? ಚಿಕ್ಕದು ಇಡ್ತಿದ್ದೆ’ ಅಂದರು.